ಗಿಣಿಹಸಿರು ರಿವಾಲ್ವರ್

ಆಯುಧಪೂಜೆಯಲ್ಲಿ ಆಯುಧವನ್ನು ಪೂಜಿಸಬಾರದು ಎಂದರೆ ನೀವು ನನ್ನನ್ನು ನಾಸ್ತಿಕ ಅನ್ನುತ್ತೀರಿ. ಅನ್ನಿ! ನಮ್ಮಪ್ಪನ ಕಾಲದ ರಿವಾಲ್ವರಿಗೆ ನನ್ನ ಹೆಂಡತಿ ದ್ರೌಪದಮ್ಮ ಗಂಧ, ಕುಂಕುಮ ಮೆತ್ತಿ, ಕುಯ್ದ ನಿಂಬೆಹಣ್ಣನ್ನು ಮೇಲಿಟ್ಟು, ಮೂರು ದಿನ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದಳು. ನಾಲ್ಕನೆಯ ದಿನ ನೋಡಿದರೆ ಕುಂಕುಮ ಯಾವುದು, ತುಕ್ಕು ಯಾವುದು ಎಂದೇ ತಿಳಿಯಲಿಲ್ಲ.

ಸೋಮವಾರ ಸ್ಟೇಷನ್ನಿನಲ್ಲಿ ತಪಾಸಣೆ. "ಇನ್ನೊಂದ್ಸಲ ತುಕ್ಕು ಕಂಡ್ರೆ ಲೈಸೆನ್ಸ್ ರದ್ದು ಮಾಡಿ ಅಂತ ಬರೀತೀನಿ" ಎಂದು ಹೋದ ಸಲವೇ ಸಬ್ ಇನ್ಸ್‌ಪೆಕ್ಟರ್ ಎಚ್ಚರಿಸಿದ್ದರು. ಕೊಡಿಗೇಹಳ್ಳಿಯ ನಮ್ಮ ದ್ರಾಕ್ಷಿ ತೋಟ ದ್ರೌಪದಿಯ ಹೆಸರಿನಲ್ಲಿದೆ, ಹಸುಗಳು ಅವಳ ತವರಿನವು, ರೇಷನ್ ಕಾರ್ಡು ನಮ್ಮವ್ವನದು. ಪಿಳ್ಳಪ್ಪ ಎಂಬ ನನ್ನ ಹೆಸರು ಸರ್ಕಾರಿ ಮೊಹರಿನ ಪಕ್ಕ ಇದ್ದದ್ದು ಆ ಲೈಸೆನ್ಸಿನಲ್ಲಿ ಮಾತ್ರ. ಅದೂ ಹೋದರೆ ಊರಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ?

ಯಶವಂತಪುರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಮುಜಫ್ಫರನ ಬಳಿ ಓಡಿದೆ.

"ಅರೇ ಪಿಳ್ಳಪ್ಪನೋರೇ, ತುಕ್ಕು ಉಜ್ಜಾಕಿ, ನಮ್ ಪೇಂಟ್ ಹೊಡೀರಿ. ಆಮೇಲೆ ಬಿಸೀಲಿ ಬೇಯಿಸ್ಬೇಕು. ಲಾರಿ ಮುರಿದ್ರೂ ಬಣ್ಣ ಹೋಗಲ್ಲ, ಖುದಾ ಕಸಮ್!"

"ಇದು ಗಿಣಿಹಸಿರು ಕಣಯ್ಯಾ. ಕಪ್ಪಿಲ್ವಾ?"

"ಕಪ್ಪು ಖಲಾಸ್."

ಭಾನುವಾರ ಗುಂಡುಗಳನ್ನು ಬೀರುವಿಗೆ ಸೇರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬ್ರಷ್ ಹಿಡಿದೆ. ಎಲ್ಲಿ ಹೊಡೆಯಬೇಕು, ಎಲ್ಲಿ ಬಿಡಬೇಕು? ಮುಜಫ್ಫರ್ ಹೇಳಿರಲಿಲ್ಲ. (ಲಾರಿಗೆ ಗಾಜು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹೊಡೆಯುತ್ತಾರೆ, ಇದಕ್ಕೆ ಗಾಜೇ ಇಲ್ಲ.) ಗೊಂದಲವೇಕೆಂದು ಸರ್ವಾಂಗಕ್ಕೂ ಮೂರು ಕೋಟು ಲೇಪಿಸಿ, ಒಣಗಿದ ಮೇಲೆ ಕೇಕಿನ ಓವನ್ನಿನಲ್ಲಿ ಪ್ರತಿಷ್ಠಾಪಿಸಿದೆ.

"ನನ್ ಓವನ್ನಲ್ಲಿ ಏನ್ರೀ ಇಕ್ಕಿದೀರಾ? ಅಯ್ಯಯ್ಯೋ, ಕೇಕ್ ಮಾಡ್ಕೋ ಅಂತ ನಮ್ಮಣ್ಣ ಕೊಟ್ಟಿದ್ದು! ಒಳಗೆ ಗುಂಡಿದ್ರೆ?"

"ಆರೂ ಬೀರುವಿನಲ್ಲಿವೆ ಕಣೇ."

"ಎಣಿಸಿದೀರಾ?"

ಎಣಿಸಿದ್ದೆನೇ? ಓಡಿಹೋಗಿ ಎಣಿಸಿದೆ, ಐದು. ಮತ್ತೆ ಎಣಿಸಿದೆ, ಆರು. ಯಾವುದನ್ನು ನಂಬುವುದೆಂದು ತೋಚದೆ ಇಬ್ಬರೂ ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಒಂದು ಗಂಟೆ ಕುಕ್ಕರಗಾಲಿನಲ್ಲಿ ಕೂತೆವು.

ಸೋಮವಾರ "ನೀವು ಏನಾದ್ರೂ ಒದರ್ತೀರಾ" ಎಂದು ದ್ರೌಪದಿಯೂ ಸ್ಟೇಷನ್ನಿಗೆ ಬಂದಳು. ಸಬ್ ಇನ್ಸ್‌ಪೆಕ್ಟರ್ ಟವಲ್ ಬಿಚ್ಚಿ ನೋಡಿದರು.

"ಏನ್ರೀ ಪಿಳ್ಳಪ್ಪ, ಮಕ್ಕಳಾಟದ ಪಿಸ್ತೂಲು ತಂದಿದೀರಾ! ಅಸಲಿ ಎಲ್ಲಿ?"

"ಅದೇ ಸಾರ್ ಇದು."

"ಅದೇ ಆದ್ರೆ ನಂಬರ್ ಎಲ್ಲಿ?"

ನಂಬರ್! ಅದು ಮೂರು ಕೋಟಿನ ಅಡಿಯಲ್ಲಿ ಸಮಾಧಿಯಾಗಿತ್ತು. ಉಗುರಿನಲ್ಲಿ ಕೆರೆದೆ, ಬೀಗದ ಕೈಯಲ್ಲಿ ಉಜ್ಜಿದೆ. ಮುಜಫ್ಫರನ ಆಣೆ ಹಾಳಾಗ, ಬಣ್ಣ ಜಗ್ಗಲಿಲ್ಲ.

"ನಂಬರಿಲ್ದೇ ಇದ್ರೆ ಇದು ಕಳ್ಳಮಾಲು. ನಿಮ್ಮನ್ನ ಒಳಗೆ ಕೂರಿಸ್ಬೇಕಾಗುತ್ತೆ."

"ತನ್ನಿ ಇಲ್ಲಿ" ಎಂದು ದ್ರೌಪದಿ ಬಳೆಯಲ್ಲಿದ್ದ ಪಿನ್ನು ತೆಗೆದು ಬೆಂಚಿನ ಮೇಲೆ ಕೂತಳು. ಅರ್ಧ ಗಂಟೆ ಒಂದೊಂದೇ ಅಂಕಿಯನ್ನು ಸೊಪ್ಪು ಬಿಡಿಸಿದಷ್ಟು ನಿಧಾನವಾಗಿ ಹೊರತೆಗೆದಳು. ಸಬ್ ಇನ್ಸ್‌ಪೆಕ್ಟರ್ ಅವಳಿಗೆ ಟೀ ತರಿಸಿಕೊಟ್ಟರು. (ಅವಳಿಗೆ ಮಾತ್ರ.) ನಂಬರ್ ತಾಳೆಯಾಯಿತು!

"ತುಕ್ಕೂ ಇಲ್ಲ. ಮನೇಲಿ ಜವಾಬ್ದಾರಿ ಇರೋದು ನಿಮಗೇ ಕಣಮ್ಮ" ಎಂದು ಅವರು ನನ್ನ ಮುಂದೆ ಒಂದು ಕಾಗದ ಇಟ್ಟರು. ಬದುಕಿದೆಯಾ ಬಡಜೀವವೇ ಎಂದು ಓದದೆಯೇ ಸಹಿ ಹಾಕಿದೆ. ಅದು ಲೈಸೆನ್ಸನ್ನು ಹೆಂಡತಿಯ ಹೆಸರಿಗೆ ಬದಲಾಯಿಸಲು ನನ್ನ ಒಪ್ಪಿಗೆ ಪತ್ರವಾಗಿತ್ತು.

ಹೊಸ ಲೈಸೆನ್ಸಿನಲ್ಲಿ ಮಾಲೀಕಳು ದ್ರೌಪದಮ್ಮ. ಕೆಳಗೆ, ಆಯುಧ ಹೊತ್ತು ಜೊತೆಗೆ ಬರುವವನು ಎಂಬ ಕಡೆ ನಾನು. ಅವಳು ಸೀರೆಗೆಂದು ಪೇಟೆಗೆ ಹೊರಟರೆ ಸೊಂಟದಲ್ಲಿ ರಿವಾಲ್ವರ್, ಕೈಯಲ್ಲಿ ಚೀಲ ಹಿಡಿದು ಹಿಂದೆ ನಡೆಯಬೇಕು. ಮೊನ್ನೆ ಬಸ್ಸಿನಲ್ಲಿ ಪಕ್ಕದಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಮ್ಮ ಇವರು?" ಎಂದಳು.

ದ್ರೌಪದಿ ಟಿಕೆಟ್ಟು ಮಡಿಸುತ್ತ ಹೇಳಿದಳು: "ನನ್ ಲೈಸೆನ್ಸಲ್ಲಿರೋರು."