ಹುಳುಮನೆಯಿಂದ ನನ್ನ ಹೆಸರು ಕರೆಯುವ ಪೆಟ್ಟಿಗೆ

ಕಾಣದವರು ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು ಎಂದು ನಮ್ಮವ್ವ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾಳೆ. ದೆವ್ವಕ್ಕೆ ಮೂರು ಸಲ ಕರೆಯುವಷ್ಟು ತಾಳ್ಮೆ ಇರುವುದಿಲ್ಲವಂತೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ, ಕಂಪ್ಯೂಟರ್ ಬಲ್ಲ ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಬೆನ್ನ ಹಿಂದಿನಿಂದ ಯಾರಾದರೂ ‘ಪುಟ್ಟಸ್ವಾಮಿ’ ಎಂದರೆ ಇವತ್ತಿಗೂ ಮನಸ್ಸಿನಲ್ಲೇ ಎಣಿಸುತ್ತೇನೆ. ಮ್ಯಾನೇಜರು ಕರೆದಾಗಲೂ ಎಣಿಸುವುದರಿಂದ ನನಗೆ ಕಿವಿ ಮಂದ ಎಂಬ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿದೆ. ಇಂಥ ಪುಕ್ಕಲನಾದ ನಾನೇ, ಬಿಡುವಿಲ್ಲದೆ ನನ್ನ ಹೆಸರು ಕರೆಯುವ ವಸ್ತುವೊಂದನ್ನು ಕೈಯಾರೆ ತಂದು ಮನೆಯೊಳಗೆ ಕೂರಿಸಿಕೊಂಡೆ.

ಆ ವಸ್ತು ರೌಟರ್. ಫೋನಿನ ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ತಂತಿಯಿಲ್ಲದೆ ಮನೆಗೆಲ್ಲ ಹಂಚುವ ಪೆಟ್ಟಿಗೆ. ನಮ್ಮೂರಿರುವ ಕೈಲಾಂಚದ ಕಡೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ಸಾಧಾರಣ ಪೆಟ್ಟಿಗೆಯೇ ನಮಗೆ ಹೆಚ್ಚು. ಆದರೆ ಅಂಗಡಿಯವನು ಕೊಂಬಿನಂತೆ ಮೂರು ಆಂಟೆನಾ ಇದ್ದ ಒಂದು ಕರಿಯ ಪೆಟ್ಟಿಗೆ ತೋರಿಸಿ, ಇದು ಎಲ್ಲರಿಗೂ ಅಲ್ಲ ಸಾರ್, ಇದರ ಹುಚ್ಚಿರುವವರಿಗೆ ಮಾತ್ರ ಎಂದುಬಿಟ್ಟ. ಎಲ್ಲರಿಗೂ ಅಲ್ಲ ಎಂದಮೇಲೆ ಅದು ನನಗೇ ಎಂದು ನಾನು ತಿಳಿದೆ. ನನ್ನ ಜೀವನದ ಮುಕ್ಕಾಲು ಪಾಲು ತಪ್ಪುಗಳು ಹೀಗೇ ಆಗಿರುವುದು.

ತೊಡಕೇನೆಂದರೆ ಫೋನಿನ ತಂತಿ ಬಂದು ಇಳಿಯುವುದು ನಮ್ಮ ಹುಳುಮನೆಗೆ. ಅಂದರೆ ಅವ್ವ ರೇಷ್ಮೆಹುಳು ಸಾಕುವ ದೊಡ್ಡ ಕೋಣೆಗೆ. ಮದುವೆಯಾಗಿ ಬಂದ ದಿನದಿಂದ ಅವಳ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿಲ್ಲ. ಊರಿನಲ್ಲಿ ಅವಳು ತಲೆಯೆತ್ತಿ ನಡೆಯುವುದು ಅದರಿಂದಲೇ. ಹುಳು ಇರುವಷ್ಟು ದಿನ ನಮ್ಮ ಮನೆಯಲ್ಲಿ ಊದುಬತ್ತಿ ಇಲ್ಲ, ಒಗ್ಗರಣೆಯ ಘಾಟಿಲ್ಲ, ಹೊರಗಿನವರಿಗೆ ಪ್ರವೇಶವಿಲ್ಲ. ಮಗನಾದ ನಾನೂ ಔಷಧಿ ನೀರಿನಲ್ಲಿ ಕಾಲು ಅದ್ದಿಕೊಂಡೇ ಒಳಗೆ ಹೋಗಬೇಕು. ಕಾಡಿ ಬೇಡಿ ಒಂದು ಮಧ್ಯಾಹ್ನದ ಮಟ್ಟಿಗೆ ಅಪ್ಪಣೆ ಪಡೆದೆ.

ಕಿಟಕಿಗಳಿಗೆ ಗೋಣಿತಾಟು ಕಟ್ಟಿದ ಆ ಕೋಣೆಯಲ್ಲಿ ಹಗಲಲ್ಲೂ ಅರೆಗತ್ತಲೆ. ಸುತ್ತಲೂ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದಂತೆ. ಪೆಟ್ಟಿಗೆಗೆ ಧೂಳು ಹತ್ತೀತೆಂದು ತೆರೆದಿದ್ದ ಒಂದೇ ಕಿಟಕಿಯನ್ನೂ ಮುಚ್ಚಿದೆ. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಪೆಟ್ಟಿಗೆಯಲ್ಲಿದ್ದ ತಂತ್ರಾಂಶ ಕಿತ್ತು ಬೇರೆಯದನ್ನು ಹಾಕಿದೆ. ಅಲೆಯ ಶಕ್ತಿಯನ್ನು ಏರಿಸಬಲ್ಲಷ್ಟು ಏರಿಸಿದೆ. ಸಂಪರ್ಕಕ್ಕೊಂದು ಹೆಸರು ಕೇಳಿತು. ಜಂಬದಿಂದ ‘ಪುಟ್ಟಸ್ವಾಮಿ’ ಎಂದೇ ಇಟ್ಟೆ. ಕಳ್ಳರು ನುಸುಳದಂತೆ ಮಾರುದ್ದದ ಪಾಸ್‌ವರ್ಡ್ ಕೊಟ್ಟು, ಕೊನೆಯ ಗುಂಡಿ ಒತ್ತಿ ತಲೆಯೆತ್ತಿದೆ.

ಸದ್ದು ನಿಂತಿತ್ತು.

ಅದು ಯಾವಾಗ ನಿಂತಿತೋ ನನಗೆ ಗೊತ್ತಾಗಿರಲಿಲ್ಲ. ಒಂದು ಹುಳುವೂ ಮೇಯುತ್ತಿರಲಿಲ್ಲ. ತಟ್ಟೆ ತಟ್ಟೆಯಲ್ಲೂ ತಲೆಗಳು ಮೇಲೆದ್ದು ಕಲ್ಲಾಗಿದ್ದವು. ಪೆಟ್ಟಿಗೆಯ ಹಸಿರು ದೀಪ ಮಿಣುಕಿದಾಗಲೆಲ್ಲ ಅಷ್ಟೂ ತಲೆಗಳು ಕಂಡು ಮರೆಯಾಗುತ್ತಿದ್ದವು. ಪೊರೆ ಬಿಡುವ ಮೊದಲು ಹುಳುಗಳು ಮೇವು ಬಿಟ್ಟು ಹೀಗೆ ತಲೆಯೆತ್ತಿ ಕೂರುತ್ತವೆ, ಅದಕ್ಕೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ ಎಂಬುದು ಹುಳುವಿನ ಮನೆಯಲ್ಲೇ ಹುಟ್ಟಿದ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಲ್ಯಾಪ್‌ಟಾಪ್ ಎದೆಗವಚಿಕೊಂಡು ಹಿಂದು ಹಿಂದಕ್ಕೆ ನಡೆದು ಹೊರಬಿದ್ದೆ.

ಅವ್ವ ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಾಳಿಕ್ಕೆ ಕೂರ್ಬೇಕಾದವು ಇವತ್ತೇ ಕೂತವೆ. ಏನ್ಲಾ ಮಾಡ್ದೆ?”

ಕಿಟಕಿ ಮುಚ್ಚಿದೆ ಎಂದೆ. ಪೆಟ್ಟಿಗೆ ತೆಗೆದುಬಿಡುತ್ತೇನೆ ಎಂದೂ ಹೇಳಿದೆ. ಸೆಕೆ ಏರಿಯೇ ಬೇಗ ಕೂತವೆಂದು ಕಿಟಕಿಯನ್ನು ಅವಳೇ ಸದ್ದಾಗದಂತೆ ತೆರೆದು ಬಂದಳು. ಜ್ವರದಲ್ಲಿರುವ ಹುಳುವನ್ನು ಅಲುಗಿಸಬಾರದು, ಪೊರೆ ಬಿಟ್ಟು ಏಳುವವರೆಗೆ ಯಾರೂ ಒಳಗೆ ಹೋಗಕೂಡದು, ಪೆಟ್ಟಿಗೆಯನ್ನೂ ಮುಟ್ಟಕೂಡದು ಎಂದು ಬಾಗಿಲು ಎಳೆದುಕೊಂಡಳು. ಆಮೇಲೆ ಗೋಡೆಗೊರಗಿ ಕೂತು, “ಎದ್ರೆ ಎದ್ದವು, ಇಲ್ದಿದ್ರೆ ಇಲ್ಲ” ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ಅವತ್ತು ಮುಸ್ಸಂಜೆ ಹೊತ್ತಿಗೆ ಜಗಲಿಯಲ್ಲಿ ಸುಮ್ಮನೆ ಲ್ಯಾಪ್‌ಟಾಪ್ ತೆರೆದೆ. ನನ್ನ ಹೆಂಡತಿ ರತ್ನ ಬಗ್ಗಿ ನೋಡಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಪರದೆಯ ಮೇಲೆ ಅದನ್ನು ಕಂಡು, ಇದೇಕೆ ಇಲ್ಲಿ ಬಂತು ಎಂದು ಕೇಳಿದಳು. ಒಳಗಿನ ಪೆಟ್ಟಿಗೆ ಕ್ಷಣಕ್ಷಣವೂ ತನ್ನ ಹೆಸರು ಸಾರುತ್ತಿರುತ್ತದೆ, ಕೇಳಿಸಿಕೊಂಡವರು ಬಂದು ಸೇರಲಿ ಎಂದು ವಿವರಿಸಿದೆ.

ರತ್ನ ಮುಚ್ಚಿದ ಬಾಗಿಲ ಕಡೆ ನೋಡಿದಳು. “ಅಲ್ಲಿ ಕೇಳುಸ್ಕಳಕ್ಕೆ ಯಾರವ್ರೆ?”

ತಲೆಯೆತ್ತಿ ಕೂತ ಅಷ್ಟೂ ಹುಳುಗಳು ಕಣ್ಣ ಮುಂದೆ ಬಂದವು. ಆ ಕತ್ತಲಲ್ಲಿ, ಅವುಗಳ ನಡುವೆ, ಯಾವುದೋ ಒಂದು ನನ್ನ ಹೆಸರನ್ನು ಕರೆಯುತ್ತಲೇ ಇದೆ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಮುಚ್ಚಿದರೂ ಅದು ಕರೆಯುತ್ತದೆ ಎಂಬುದು ನನಗೆ ಮಾತ್ರ ಗೊತ್ತಿತ್ತು.

ಮಾರನೆಯ ದಿನ ಕಂಪನಿ ಬಸ್ಸು ಹಾರ್ನ್ ಹೊಡೆದು ಹೋಯಿತು, ನಾನು ಹತ್ತಲಿಲ್ಲ. ಅವ್ವನೂ ನಾನೂ ಬಾಗಿಲಿಗೆ ಕಿವಿಯಿಟ್ಟೇ ಕಳೆದೆವು. ಹೊತ್ತು ಇಳಿಯುವಾಗ, ಏಳುವ ವೇಳೆಯಾಯಿತೆಂದು ಅವ್ವ ಒಳಗೆ ಹೋಗಿ ಸುಣ್ಣದ ಪುಡಿ ಎರಚಿ, ಎಳೆಯ ಸೊಪ್ಪು ಹರಡಿ ಬಂದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೂಲೆಯಲ್ಲಿ ಚರಚರ ಎಂದಿತು. ನೋಡನೋಡುತ್ತ ಮನೆಯೆಲ್ಲ ತುಂತುರು ಹಿಡಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಒಂದೂ ಹಿಂದೆ ಬೀಳ್ದಂಗೆ ಎಲ್ಲಾ ಒಟ್ಗೇ ಎದ್ದವೆ ಕಣ್ಲಾ. ಆ ಪೆಟ್ಗೆ ಅಲ್ಲೇ ಇರ್ಲಿ. ನೀನ್ ಮಾತ್ರ ಒಳಿಕ್ಕೆ ಬರ್ಬ್ಯಾಡ.”

ಬೇಗ ಕೂತದ್ದು ನನ್ನ ಕೈಗುಣದಿಂದ, ಒಟ್ಟಿಗೆ ಎದ್ದದ್ದು ಪೆಟ್ಟಿಗೆಯ ಕಾಲ್ಗುಣದಿಂದ ಎಂದು ತೀರ್ಪಾಯಿತು. ಈಗ ಅದರ ಮೂರು ಕೊಂಬಿಗೂ ಅರಿಶಿನ ಕುಂಕುಮವಿದೆ.

ಇರಲಿ, ಹೊರಗಿನಿಂದಲೇ ಇಂಟರ್ನೆಟ್ ನೋಡಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಅವತ್ತಿನ ಗಾಬರಿಯಲ್ಲಿ ನಾನು ಕೊಟ್ಟ ಪಾಸ್‌ವರ್ಡ್ ನನಗೇ ಮರೆತುಹೋಗಿದೆ. ಅದನ್ನು ಅಳಿಸಲು ಪೆಟ್ಟಿಗೆಯ ಬೆನ್ನಿಗೆ ಒಂದು ಪಿನ್ನು ಚುಚ್ಚಬೇಕು. ಕುಂಕುಮ ಹಚ್ಚಿದ್ದಕ್ಕೆ ಪಿನ್ನು ಚುಚ್ಚಲು ಅವ್ವ ಬಿಟ್ಟಾಳೆಯೇ? ಹಾಗಾಗಿ ಸಂಜೆ ಹೊತ್ತು ಲ್ಯಾಪ್‌ಟಾಪ್ ತೆರೆದು ಜಗಲಿಯಲ್ಲಿ ಕೂರುತ್ತೇನೆ. ಒಳಗಿನಿಂದ ಅದು ‘ಪುಟ್ಟಸ್ವಾಮಿ’ ಎಂದು ಕರೆಯುತ್ತದೆ, ಮೂರು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ. ಇಷ್ಟು ಕರೆದಮೇಲೆ ದೆವ್ವವಂತೂ ಅಲ್ಲ ಎಂದು ಧೈರ್ಯ ಮಾಡಿ, ಪರದೆಯ ಮೇಲಿನ ಆ ಹೆಸರನ್ನು ಒತ್ತಿ ಓಗೊಡುತ್ತೇನೆ. ಪಾಸ್‌ವರ್ಡ್ ಹೇಳು, ನೀನು ಯಾರು ಎಂದು ಅದು ನನ್ನನ್ನೇ ಕೇಳುತ್ತದೆ.