ಬೇಲಿಯಾಚೆಯ ಮಾಟಗಾರರು ಮತ್ತು ನಮ್ಮ ಅತ್ತೆ

ಊರು ಬಿಟ್ಟು ಎಷ್ಟು ದೂರ ಬಂದರೂ ನನ್ನ ಪಾಲಿನ ಫಜೀತಿಗಳು ನನಗಿಂತ ಮೊದಲೇ ಅಲ್ಲಿಗೆ ಬಂದು ಚಾಪೆ ಹಾಸಿಕೊಂಡು ಕೂತಿರುತ್ತವೆ. ಅಮೆರಿಕದ ಡುವಾಲ್‌ನಲ್ಲಿ ಮನೆ ಮಾಡಿದ ಮೇಲಂತೂ ಅವು ಬೇಲಿ ದಾಟಿ ಬರತೊಡಗಿದವು.

ಪರಿಚಯ

ನಾನು ಗದಗಿನವನು. ಕೆಲಸ ರೆಡ್ಮಂಡ್‌ನಲ್ಲಿ, ಮನೆ ಡುವಾಲ್‌ನಲ್ಲಿ. ಪಕ್ಕದ ಮನೆಯವರಿಗೆ ಅರವತ್ತು ದಾಟಿರಬೇಕು. ಎದೆವರೆಗೆ ಬಿಳಿ ಗಡ್ಡ, ನಾಲ್ಕು ಆಡು, ಒಂದು ಹಳೆ ಟ್ರಕ್. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನಾವು ಬಂದ ಮೊದಲ ವಾರವೇ ಗಾಳಿಗೆ ಮರ ಬಿದ್ದು ಕಾರು ಹೊರಗೆ ತೆಗೆಯಲಾಗದಂತಾಯಿತು. ಅವರು ಕರೆಯದೆಯೇ ಗರಗಸ ತಂದು ಮರ ಕೊಯ್ದು ಕೊಟ್ಟರು. ಆಮೇಲೆ ಚಹಾ ಕುಡಿಯುತ್ತ, "ಅಂದ ಹಾಗೆ ನಾನು ವಿಚ್" ಎಂದರು.

ವಿಚ್ ಅಂದರೆ ಮಾಟಗಾತಿ, ಸೊಟ್ಟ ಮೂಗಿನ ಮುದುಕಿ. ನನಗೆ ಗೊತ್ತಿದ್ದದ್ದು ಅಷ್ಟೇ. "ನೀವು ಗಂಡಸರಲ್ಲವೇ?" ಎಂದು ಕೇಳಿಬಿಟ್ಟೆ.

"ನಮ್ಮ ಪಂಥದಲ್ಲಿ ಗಂಡಸಾದರೂ ವಿಚ್, ಹೆಂಗಸಾದರೂ ವಿಚ್. ಪ್ರಕೃತಿಯನ್ನು ಪೂಜೆ ಮಾಡ್ತೀವಿ, ಯಾರಿಗೂ ಕೇಡು ಬಯಸೋದಿಲ್ಲ" ಎಂದರು.

ಅವರು ಹೋದ ಮೇಲೆ ಹೆಂಡತಿಗೆ ಹೇಳಿದೆ. ಅವಳು ಕಿಟಕಿಯಿಂದ ಮರದ ತುಂಡುಗಳನ್ನು ನೋಡಿ, "ಮಾಟಗಾರರಾದ್ರ ಆಗವಲ್ರಾಕ. ಬಾತ್‌ರೂಮಿನ ನಳ ಸೋರಾಕ ಹತ್ತೇದ, ನಿಮ್ಮ ಕೈಲಂತೂ ಆಗಲಿಲ್ಲ. ಅದಕ್ಕೇನರ ಮಂತ್ರ ಅದನೇನು ಕೇಳ್ರಿ" ಅಂದಳು.

ಲಕೋಟೆ

ಮುಂದಿನ ವರ್ಷ ಹೆಂಡತಿಯ ಕುಬಸ. ಸೀಮಂತಕ್ಕೆ ನಮ್ಮ ಕಡೆ ಹಾಗಂತಾರೆ. ಕರೆಯುವ ಲಕೋಟೆಯ ಮೇಲೆ ಬರೀ ಹೆಸರು ಬರೆದರೆ ನಮ್ಮಲ್ಲಿ ಮರ್ಯಾದೆ ಕೊಟ್ಟಂತೆ ಆಗುವುದಿಲ್ಲ. ಹೆಸರಿನ ಹಿಂದೆ ಶ್ರೀ, ಮುಂದೆ ಡಿಗ್ರಿ, ಕೆಳಗೆ ಹುದ್ದೆ ಇರಬೇಕು. 'ನಿವೃತ್ತ ಕಂದಾಯ ನಿರೀಕ್ಷಕರು' ಎಂದಿಲ್ಲದ ಲಕೋಟೆಯನ್ನು ನಮ್ಮ ಅಪ್ಪ ಒಡೆಯುತ್ತಲೇ ಇರಲಿಲ್ಲ.

ಪಕ್ಕದ ಮನೆಯವರಿಗೆ ಏನು ಹುದ್ದೆ ಬರೆಯುವುದು? ಅಷ್ಟು ದೊಡ್ಡ ಗಡ್ಡದವರನ್ನು ವಿಚ್ ಎನ್ನಲು ಕೈ ಬರಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ತೆಲುಗಿನವನನ್ನು ಕೇಳಿದೆ. ಅವನಿಗೆ ವಿಡಿಯೋ ಗೇಮಿನ ಹುಚ್ಚು. "ಗಂಡಸಿಗೆ ವಾರ್‌ಲಾಕ್ ಅಂತಾರೆ ಬಾಸ್. ಭಾರಿ ಪವರ್" ಎಂದ. ಬಂಗಾರದ ಬಣ್ಣದ ಶಾಯಿಯಲ್ಲಿ ಹಾಗೇ ಬರೆದೆ. ವಯಸ್ಸಿಗೆ ಗೌರವ ಇರಲಿ ಎಂದು ಹಿಂದೆ 'ಹಿರಿಯ' ಅಂತಲೂ ಸೇರಿಸಿದೆ.

ಮರುದಿನ ಅವರು ಲಕೋಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಖ ಸಣ್ಣದಾಗಿತ್ತು. "ನನ್ನಿಂದ ಏನಾದರೂ ತಪ್ಪಾಯ್ತಾ? ನಮ್ಮವರಲ್ಲಿ ಈ ಪದ ಬೈಗುಳ. ಕೊಟ್ಟ ಮಾತು ಮುರಿದವನು, ದ್ರೋಹಿ ಅಂತ ಅರ್ಥ."

ಮರ ಕೊಯ್ದು ಕೊಟ್ಟ ಪುಣ್ಯಾತ್ಮರನ್ನು ನಾನು 'ಹಿರಿಯ ದ್ರೋಹಿ' ಎಂದು ಬರೆದು ಊಟಕ್ಕೆ ಕರೆದಿದ್ದೆ! ನಾಚಿಕೆಯಿಂದ ಭೂಮಿಗಿಳಿದು ಹೋದೆ. ಒಳಗಿಂದ ನನ್ನ ಮದುವೆಯ ಲಗ್ನಪತ್ರಿಕೆ ತಂದು, ನಮ್ಮ ಕಡೆಯ ಹುದ್ದೆಗಳ ಮೆರವಣಿಗೆಯನ್ನೆಲ್ಲ ಬೆರಳಿಟ್ಟು ತೋರಿಸಿ ವಿವರಿಸಿದೆ. ಅವರು ಗಡ್ಡ ಅಲುಗುವಂತೆ ನಕ್ಕರು.

"ಸರಿ, ವಿಚ್ ಅಂತಲೇ ಬರೀರಿ. ಆದರೆ ನಿವೃತ್ತ ಅಂತ ಮಾತ್ರ ಸೇರಿಸಬೇಡಿ, ನಾನಿನ್ನೂ ಸರ್ವೀಸಿನಲ್ಲಿದ್ದೀನಿ."

ಸತ್ಯನಾರಾಯಣ

ಮಗಳು ಹುಟ್ಟುವ ಹೊತ್ತಿಗೆ ಬಾಣಂತನಕ್ಕೆ ಅತ್ತೆ ಬಂದರು. ನಿಜವಾದ ಭಯ ಶುರುವಾದದ್ದು ಆಗ. ಬೇಲಿಯಾಚೆ ಮಾಟಗಾರರಿದ್ದಾರೆ ಎಂದು ತಿಳಿದರೆ ಅತ್ತೆ ಮುಂದಿನ ವಿಮಾನಕ್ಕೇ ಹೊರಡುತ್ತಾರೆ, ಒಬ್ಬರೇ ಅಲ್ಲ, ಮಗಳು ಮೊಮ್ಮಗಳನ್ನೂ ಕಟ್ಟಿಕೊಂಡು. ಹೆಂಡತಿಗೆ ಆಪರೇಷನ್ ಆಗಿತ್ತು. ಕೂಸಿಗೆ ನೀರು ಹಾಕುವುದಿರಲಿ, ಎತ್ತಿಕೊಳ್ಳಲೂ ನನಗೆ ಬರುತ್ತಿರಲಿಲ್ಲ. ಅತ್ತೆ ಹೋದರೆ ನಮ್ಮ ಗತಿ ದೇವರೇ ಬಲ್ಲ. ಅವರಿಗೆ ವಿಷಯ ತಿಳಿಯಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಜೂನ್ ತಿಂಗಳು. ಹಗಲು ಅತಿ ದೊಡ್ಡದಾಗುವ ದಿನ ಪಕ್ಕದ ಮನೆಯವರ ಪಂಥಕ್ಕೆ ಹಬ್ಬವಂತೆ. ಬೆಲ್ವ್ಯೂ, ಇಸ್ಸಾಕ್ವಾ ಕಡೆಯಿಂದೆಲ್ಲ ಹತ್ತು ಮಂದಿ ಅವರ ಹಿತ್ತಲಿಗೆ ಬಂದರು. ಕಪ್ಪು ನಿಲುವಂಗಿ, ನಡುವೆ ಬೆಂಕಿ, ಪಕ್ಕದಲ್ಲಿ ಕಸಬರಿಗೆ. ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ.

"ಏನ್ರಿ ಅಳಿಯಂದ್ರ ಅದು?"

"ಸತ್ಯನಾರಾಯಣ ಪೂಜಾ ಇದ್ದಂಗರಿ, ಇಲ್ಲಿಯವರದು."

ಅತ್ತೆ ನನ್ನನ್ನೊಮ್ಮೆ ನೋಡಿ ಕೂಸಿನ ಕಡೆ ಹೋದರು. ಮರುದಿನ ಆ ಗಡ್ಡದವರು ಬೇಲಿ ಮೇಲಿಂದ ಜೇನಿನ ಕೇಕು ಕೊಟ್ಟರು. ಅತ್ತೆ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

"ಸಪಾದ ಬರೋಬ್ಬರಿ ಆಗಿಲ್ಲರಿ" ಅಂದರು ಅತ್ತೆ. "ತುಪ್ಪ ಕಡಿಮಿ ಹಾಕ್ಯಾರ."

ಹೊಗೆ

ದೀಪ ಹಚ್ಚುವ ಹೊತ್ತಿಗೆ ಕೂಸಿಗೆ ದೃಷ್ಟಿ ತೆಗೆಯುವುದು ಅತ್ತೆಯ ಪದ್ಧತಿ. ಇಲ್ಲಿ ಬೇಸಿಗೆಯಲ್ಲಿ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ. "ಇದೇನ್ ಸೂರ್ಯ, ಮನೀಗೆ ಹೋಗೋದ ಗೊತ್ತಿಲ್ಲ" ಎಂದು ಬೈದು, ಏಳು ಗಂಟೆಗೇ ಪರದೆ ಎಳೆದು ಕತ್ತಲೆ ಮಾಡಿಕೊಳ್ಳುತ್ತಿದ್ದರು.

ಆ ದಿನ ಕೂಸು ಹಾಲು ಕುಡಿಯದೆ ಅಳುತ್ತಿತ್ತು. ಅತ್ತೆ ಉಪ್ಪು, ಸಾಸಿವೆ, ಒಂದು ಮುಷ್ಟಿ ಬ್ಯಾಡಗಿ ಮೆಣಸಿನಕಾಯಿ, ಕಸಬರಿಗೆ ಕಡ್ಡಿ ಎಲ್ಲ ಹಿಡಿದು ಇಳಿತೆಗೆದು, ಕಾದ ಹಂಚಿನ ಮೇಲೆ ಸುರಿದರು. ಮನೆ ತುಂಬ ಹೊಗೆ. ಗೋಡೆಯ ಅಲಾರಾಂ ಕೂಗತೊಡಗಿತು. ಪಕ್ಕದ ಮನೆಯವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದರು.

ಅತ್ತೆ ತಿರುಗಿಯೂ ನೋಡಲಿಲ್ಲ. ಕಸಬರಿಗೆ ಎತ್ತಿ ಕೂಸಿನ ಸುತ್ತ ಇನ್ನೊಮ್ಮೆ ಇಳಿಸಿ, ಥೂ ಥೂ ಎಂದರು. ಗಡ್ಡದವರು ಸಿಲಿಂಡರ್ ಕೆಳಗಿಟ್ಟು, ಟೊಪ್ಪಿಗೆ ತೆಗೆದು, ಭಕ್ತಿಯಿಂದ ನನ್ನನ್ನು ಕೇಳಿದರು: "ಇವರೂ ವಿಚ್ ಅಂತ ಯಾಕೆ ಹೇಳಲಿಲ್ಲ?"

"ಏನಂದ್ರವರು?" ಎಂದರು ಅತ್ತೆ. ನಾನು ಸುಳ್ಳು ಹುಡುಕುವಷ್ಟರಲ್ಲಿ, ಮೂರು ದಿನದಿಂದ ನಿದ್ದೆ ಇಲ್ಲದ ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: "ಅವ್ವಾ, ಅವರು ಮಾಟಗಾರರು. ನೀನೂ ಅಂಥಾಕಿ ಏನಂತ ಕೇಳಾಕತ್ತಾರ."

ನಾನು ಅತ್ತೆಯ ಸೂಟ್‌ಕೇಸಿನ ಕಡೆ ನೋಡಿದೆ.

"ಗೊತ್ತದ ಬಿಡ" ಅಂದರು ಅತ್ತೆ. "ಕಸಬರಿಗಿ ಇಟಗೊಂಡು ಯಾರರ ಸತ್ಯನಾರಾಯಣ ಪೂಜಾ ಮಾಡ್ತಾರೇನು? ಅಳಿಯಂದ್ರು ಅಂಜ್ಯಾರಂತ ಸುಮ್ಮಿದ್ದೆ. ಕೂಸಿರೋ ಮನಿ ಬಾಜೂಕ ತಿಳದವರೊಬ್ರು ಇದ್ರ ಚೊಲೋನ ಅಲ್ಲೇನು?"

ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಅತ್ತೆ ಹೋಗುವುದಿಲ್ಲ! ಕೂಸೂ ಅಷ್ಟರಲ್ಲಿ ಹಾಲು ಕುಡಿಯತೊಡಗಿತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

"ಈ ವಿದ್ಯೆ ಬಲ್ಲವರಿಗೆ ನಿಮ್ಮ ಭಾಷೆಯಲ್ಲಿ ಏನಂತಾರೆ?" ಎಂದು ಗಡ್ಡದವರು ಕೇಳಿದರು.

ಅತ್ತೆಯ ಕೈಯಲ್ಲಿ ಇನ್ನೂ ಕಸಬರಿಗೆ ಇತ್ತು. ನಿಜವಾದ ಪದ ಹೇಳುವ ಧೈರ್ಯವಾಗಲಿಲ್ಲ.

"ಅತ್ತೆ" ಅಂದೆ.

"ಗಂಡಸಿಗೆ?"

ಗಂಡಸಿಗೆ ಬೇರೆ ಪದ ಕೊಡುವ ಸಾಹಸ ನನ್ನಿಂದಾಗದು. "ಅದೇ" ಅಂದೆ.

ಅವರು ಎದೆಯ ಮೇಲೆ ಕೈಯಿಟ್ಟು, ಅತ್ತೆಗೆ ಬಾಗಿ, "ಅತ್ತೆ" ಎಂದರು. ಆಮೇಲೆ ಗಡ್ಡ ಸವರಿಕೊಂಡು, ತಮ್ಮನ್ನು ತೋರಿಸಿಕೊಂಡು, ಹೆಮ್ಮೆಯಿಂದ ಮತ್ತೊಮ್ಮೆ "ಅತ್ತೆ" ಎಂದರು.

ನಮ್ಮತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದರು.

"ಚೊಲೋ ಆತು ತಗೋರಿ. ನಾ ಊರಿಗೆ ಹೋದ ಮ್ಯಾಲೂ ನಿಮಗ ಬುದ್ಧಿ ಹೇಳಾಕ ಒಬ್ರು ಇರ್ತಾರ."