ಕಡಲೆಯ ಮಾತು ಕೇಳುವ ಕಿವಿ

ನಮ್ಮ ಕಾಕಾನ ಬಲಗಿವಿಗೆ ಅಣ್ಣಿಗೇರಿಯಲ್ಲಿರುವ ಮರ್ಯಾದೆ ಕಾಕಾನಿಗೇ ಇಲ್ಲ! ರೈತರ ಕಾಳು ಮಾರಿಸುವ ಅಡತಿ ಅಂಗಡಿಯಲ್ಲಿ ಅವರ ಕೆಲಸವೆಂದರೆ ಕಡಲೆಯ ಮಾತು ಕೇಳುವುದು. ಮುಷ್ಟಿ ತುಂಬ ಕಡಲೆ ಹಿಡಿದು, ಕಿವಿಯ ಬಳಿ ಅಲುಗಾಡಿಸಿ, ಗಲಗಲ ಸದ್ದು ಎಷ್ಟಿದೆಯೆಂದು ಕೇಳಿ, "ಒಣಗೇತಿ" ಅಥವಾ "ಹಸಿ ಐತಿ" ಎಂದರೆ ಮುಗಿಯಿತು. ತೇವ ಅಳೆಯುವ ಮಷೀನು ಆಮೇಲೆ ಬರೀ ಹೌದೆನ್ನುತ್ತದೆ.

ಇಂಥ ಕಿವಿಗೆ ಅವರು ಮಾಡುತ್ತಿದ್ದ ಸೇವೆಯಾದರೂ ಎಂಥದು? ಬೆಂಕಿಕಡ್ಡಿ, ಕಾಕಿಯ ಹೇರ್‌ಪಿನ್ನು, ಬೈಕಿನ ಚಾವಿ! ಒಮ್ಮೆ ಗಾಡಿ ಚಾಲೂ ಆಗದಿದ್ದಾಗ, "ಚಾವಿಗೆ ನಿಮ್ಮ ಕಿವೀ ಗುಗ್ಗಿ ಹತ್ತೇತಿ ನೋಡ್ರಿ ಕಾಕಾ" ಎಂದೆ.

"ಮೊದಲ ನಿನ್ನ ಬಾಯಿ ಬಂದ್ ಮಾಡಲೇ" ಎಂದರು.

ಎಡಗಿವಿ ಮೊದಲಿಂದಲೂ ಮಂದ; ಈ ಸುಗ್ಗಿಯಲ್ಲಿ ಬಲಗಿವಿಯೂ ಕೈಕೊಟ್ಟಿತು. ಊರಿನವರ ದನಿಯನ್ನೆಲ್ಲ ಅಣಕಿಸುವ ನಾನು ಕಾಕಾನ ಬೆನ್ನ ಹಿಂದೆಯೇ ನಿಂತು, ಅವರದೇ ದನಿಯಲ್ಲಿ ಒಳಗಿದ್ದ ಕಾಕಿಗೆ ಚಹಾ ಹೇಳಿ ಎರಡು ಕಪ್ಪು ಕುಡಿದೆ. ಅವರಿಗೆ ಗೊತ್ತೇ ಆಗಲಿಲ್ಲ. ನಕ್ಕೆ. ಮರುದಿನ ನಗು ನಿಂತಿತು. ರೈತ ಹೆಂಗಸೊಬ್ಬಳ ಕಡಲೆಯನ್ನು ಅಲುಗಾಡಿಸಿ ಕಾಕಾ "ಹಸಿ ಐತಿ" ಎಂದರು.

"ಎಂಟ ದಿನ ಬಿಸಲಾಗ ಒಣಗಿಸೇನ್ರಿ. ಮೋಸ ಮಾಡಾಕಿ ಅಲ್ರಿ ನಾ" ಎಂದಳು ಆಕೆ.

ಮಷೀನು ಆಕೆಯ ಪರವಾಗಿ ಹೇಳಿತು. ಮಾಲೀಕರು ಮೆಲ್ಲಗೆ, "ಇನ್ನ ಮಷೀನ ಒಂದ ಸಾಕ್ರಿ" ಎಂದರು. ಕಾಕಾ ಅವತ್ತು ಊಟ ಮಾಡಲಿಲ್ಲ.

ಹುಬ್ಬಳ್ಳಿಯ ಕಿವಿ ಡಾಕ್ಟರರ ಬಳಿ ಕರೆದೊಯ್ದೆ. "ಟ್ಯಾಂಕ ತೊಳದಂಗ ನೀರ ಹೊಡದ ತಗೀರಿ" ಎಂದು ಕಾಕಾ ಅಪ್ಪಣೆ ಕೊಟ್ಟರು.

"ಕಿವಿ ಮೊದಲ ಯಾವಾಗರ ಸೋರತಿತ್ತೇನ್ರಿ?" ಡಾಕ್ಟರಮ್ಮ ಕೇಳಿದರು.

"ಸಣ್ಣಾಂವ ಇದ್ದಾಗ ಸೋರತಿತ್ರಿ. ಕಿವಿ ಒಳಗಿನ ಪಡದಿಗೆ ತೂತ ಐತಿ ಅಂದಿದ್ರು."

"ಹಂಗಾದ್ರ ನಿಮಗ ನೀರ ಬ್ಯಾಡ್ರಿ. ತೂತ ಇದ್ದವ್ರಿಗೆ, ಕಿವಿ ಆಪರೇಷನ್ ಆದವ್ರಿಗೆ ನೀರ ಒಗ್ಗೂದಿಲ್ಲ. ಗುಗ್ಗಿ ತಾನ ಹೊರಗ ಬರತೈತಿ. ನೀವು ಕಡ್ಡಿ ಹಾಕಿ ಒಳಗ ನೂಕೀರಿ."

ಸೂಕ್ಷ್ಮದರ್ಶಕದಲ್ಲಿ ಒಳಗೆ ನೋಡುತ್ತ, ಸಣ್ಣ ನಳಿಕೆಯಿಂದ ಎಲ್ಲವನ್ನೂ ಹೀರಿ ತೆಗೆದರು. ನನ್ನ ಕಿವಿಯನ್ನೂ ನೋಡಿ, "ಸ್ವಚ್ಛ ಐತಿ, ಮುಟ್ಟೂದ ಬ್ಯಾಡ" ಎಂದರು. ಸ್ವಚ್ಛವಿದ್ದರೂ ಯಾರ ಮಾತೂ ಒಳಗೆ ಹೋಗುವುದಿಲ್ಲವೆಂದು ಕಾಕಾ ವರದಿ ಸಲ್ಲಿಸಿದರು.

ಮುಂದಿನ ವಾರ ಅದೇ ಹೆಂಗಸು ಉಳಿದ ಚೀಲಗಳನ್ನು ತಂದಳು. ಕಿವಿ ತೆರೆದ ಕಾಕಾ ಈಗ ತಮ್ಮ ಜಂಬ ತೋರಿಸುತ್ತಾರೆಂದು ಕಾದೆ. ಅವರು ಎಲ್ಲರೆದುರು ಕೈ ಮುಗಿದರು.

"ಯವ್ವಾ, ಅವತ್ತ ನಿನ್ನ ಕಾಳ ಚಲೋನ ಇತ್ತು. ನನ್ನ ಕಿವಿ ಕೆಟ್ಟಿತ್ತು."

ಆಕೆ ಚೀಲದ ಬಾಯಿ ಬಿಚ್ಚಿದಳು. "ಇದನ್ನ ಮೊದಲ ನೀವ ನೋಡ್ರಿ ಕಾಕಾ. ಮಷೀನ ಆಮ್ಯಾಲ."

ಬಾಜೂ ನಿಂತಿದ್ದವನು ಯಾರೋ ಏನೋ. ಅವನು ಕೇಳದಿದ್ದರೂ ನಾನೇ ಹೇಳಿದೆ: "ನಮ್ಮ ಕಾಕಾರೀ ಅವ್ರು."